ಜೂನೋ ಕೊಳ್ಳದೆ ಜೂನೋ ಸದ್ದು ಬರುತ್ತಾ?

ಪ್ರಶ್ನೆ: ಡೊಂಬಿವಲಿಯಲ್ಲಿದ್ದೇನೆ. ಕನ್ನಡ ಸಂಘದ ಭಾವಗೀತೆ ಕಾರ್ಯಕ್ರಮಗಳಿಗೆ ಕೀಬೋರ್ಡ್ ನುಡಿಸುತ್ತೇನೆ. ರೋಲ್ಯಾಂಡ್ ಕಂಪನಿಯ ಹಳೆ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್) ಜೂನೋ-60ರ ಸದ್ದು ತುಂಬಾ ಇಷ್ಟ. ಆದರೆ ಆ ಹಳೆ ಮಷಿನ್ ಕೊಳ್ಳೋಷ್ಟು ದುಡ್ಡಿಲ್ಲ. ಲ್ಯಾಪ್‌ಟಾಪ್‌ಗೆ ಯು-ಹಿ ಕಂಪನಿಯ ಪುಕ್ಕಟೆ ಸಾಫ್ಟ್‌ವೇರ್ ಸಿಂಥ್ ಟೈರೆಲ್ ಎನ್6 ಹಾಕಿಕೊಂಡೆ. ಕೀ ಒತ್ತಿದರೆ ಸದ್ದು ತಡವಾಗಿ ಬರುತ್ತೆ. ಗೆಳೆಯರು 'ಪ್ಲಾಸ್ಟಿಕ್ ಥರ ಇದೆ' ಅಂತಾರೆ. ಸಾಲ ಮಾಡಿ ಅಸಲಿ ಮಷಿನ್ನನ್ನೇ ತಗೊಳ್ಳಲಾ?

ಉತ್ತರ: ಸಾಲ ಖಂಡಿತ ಬೇಡ. ಸಾಫ್ಟ್‌ವೇರನ್ನು ಸರಿಯಾಗಿಯೇ ಆರಿಸಿದ್ದೀರಿ. ಟೈರೆಲ್ ಜೂನೋವನ್ನೇ ಮಾದರಿಯಾಗಿ ಇಟ್ಟುಕೊಂಡು ಮಾಡಿದ್ದು.

ಮೊದಲು ತಡ ಆಗೋದನ್ನು ಸರಿಮಾಡಿ. ವಿಂಡೋಸ್ ಆದರೆ ಆಡಿಯೊ ಇಂಟರ್‌ಫೇಸಿನ (ಹೊರಗಿನಿಂದ ಜೋಡಿಸುವ ಸೌಂಡ್ ಕಾರ್ಡ್) ಎಎಸ್‌ಐಒ ಡ್ರೈವರ್, ಅಂದರೆ ಸದ್ದನ್ನು ಬೇಗ ದಾಟಿಸುವ ಸಾಫ್ಟ್‌ವೇರ್, ಹಾಕಿ. ಇಂಟರ್‌ಫೇಸ್ ಇಲ್ಲದಿದ್ದರೆ ಎಎಸ್‌ಐಒ4ಆಲ್ ಪುಕ್ಕಟೆ ಸಿಗುತ್ತೆ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಸಿಟ್ಟುಕೊಳ್ಳುವ ಸದ್ದಿನ ತುಣುಕುಗಳ ಸಂಖ್ಯೆ) 1024 ಇದ್ದರೆ, 48 ಕಿಲೋಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ತುಣುಕು ಇರುವಾಗ, ಅದೊಂದರಿಂದಲೇ 21 ಮಿಲಿಸೆಕೆಂಡ್ ತಡ. 128ಕ್ಕೆ ಇಳಿಸಿದರೆ 3ಕ್ಕಿಂತ ಕಮ್ಮಿ. ಸದ್ದು ಪಟಪಟ ಒಡೆದರೆ 256 ಇಡಿ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡವೇ ಬೇಡ.

ಈಗ ಪ್ಲಾಸ್ಟಿಕ್ ಮಾತಿಗೆ ಬರೋಣ. 1982ರ ಜೂನೋ-60ರಲ್ಲಿ ಒಟ್ಟಿಗೆ ನುಡಿಯೋದು ಆರು ಸ್ವರ, ಸ್ವರಕ್ಕೆ ಒಂದೇ ಆಸಿಲೇಟರ್ (ಸದ್ದಿನ ಮೂಲ ತರಂಗ ಹುಟ್ಟಿಸುವ ಭಾಗ). ಅಷ್ಟರಲ್ಲೇ ಅಷ್ಟೊಂದು ತುಂಬಿದ ಸದ್ದು ಹೇಗೆ ಬಂತು? ಕೋರಸ್ ಎಂಬ ಎಫೆಕ್ಟ್‌ನಿಂದ. ಇದನ್ನು ನೀವೇ ಕೇಳಿ ನೋಡಿ. ಟೈರೆಲ್‌ನಲ್ಲಿ ಒಂದೇ ಆಸಿಲೇಟರ್ ಉಳಿಸಿ, ಗರಗಸದ ಹಲ್ಲಿನಂಥ ತರಂಗ (ಇಂಗ್ಲಿಷಿನಲ್ಲಿ saw) ಆರಿಸಿ, ಸದ್ದಿನ ಚೂಪು ಕಮ್ಮಿ ಮಾಡುವ ಫಿಲ್ಟರ್ ಅರ್ಧ ಮುಚ್ಚಿ. ಕೋರಸ್ ಆಫ್ ಇಟ್ಟು ಸ-ಪ ಹಿಡಿಯಿರಿ. ಸದ್ದು ತೆಳ್ಳಗೆ, ಒಣಗಿದ ಹಾಗಿರುತ್ತೆ. ಬೆರಳು ಎತ್ತದೆ ಕೋರಸ್ ಆನ್ ಮಾಡಿ. ನನಗಂತೂ ಪ್ರತಿ ಸಲವೂ ಕೋಣೆಯ ಗೋಡೆ ಹಿಂದೆ ಸರಿದ ಹಾಗಾಗುತ್ತೆ.

ಜೂನೋ ಮಾಡೋದು ಇಷ್ಟೇ. ಸದ್ದಿನ ಎರಡು ಪ್ರತಿಗಳನ್ನು ಕೆಲವು ಮಿಲಿಸೆಕೆಂಡ್ ತಡಮಾಡಿ, ಆ ತಡವನ್ನು ಮೆಲ್ಲಗೆ ತೂಗಿಸುತ್ತೆ. ಎಡದಲ್ಲಿ ಏರುವಾಗ ಬಲದಲ್ಲಿ ಇಳಿಯುತ್ತೆ. ಆ ಅಗಲ ಹುಟ್ಟೋದು ಎಡ-ಬಲದ ಈ ವ್ಯತ್ಯಾಸದಿಂದ. ಸಂಘದ ಹಾಲ್‌ನಲ್ಲಿ ಸೌಂಡಿನವರು ನಿಮಗೆ ಒಂದೇ ಕೇಬಲ್ ಕೊಡ್ತಾರಾ? ಹಾಗಾದರೆ ಅಸಲಿ ಜೂನೋ ತಂದಿಟ್ಟರೂ ಆ ಅಗಲ ಕೇಳಿಸಲ್ಲ. ನನಗೆ ಅನುಮಾನ ಇರೋದು ಆ ಕೇಬಲ್ ಮೇಲೇ.

ಅಸಲಿ ಮಷಿನ್ನಿನಲ್ಲಿ ಹೆಚ್ಚಿನದು ಏನೂ ಇಲ್ಲ ಅಂತಲ್ಲ. ನುಡಿಸುತ್ತಲೇ ಎಡಗೈ ತಾನಾಗಿ ಫಿಲ್ಟರ್ ಸ್ಲೈಡರ್ ಹುಡುಕಿಕೊಳ್ಳುತ್ತಲ್ಲ, ಆ ಸುಖ ಮೌಸ್‌ನಲ್ಲಿ ಸಿಗಲ್ಲ. ನಾಬ್ ಇರುವ ಚಿಕ್ಕ ಮಿಡಿ ಕಂಟ್ರೋಲರ್ (ಲ್ಯಾಪ್‌ಟಾಪ್‌ನ ಸಿಂಥನ್ನು ಕೈಯಿಂದ ತಿರುಗಿಸೋ ಪೆಟ್ಟಿಗೆ) ಅದನ್ನು ಬಹುಪಾಲು ಕೊಡುತ್ತೆ.

ಭಾವಗೀತೆಯ ಜಾರುಗಳಿಗೆ ಪೋರ್ಟಮೆಂಟೊ, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋದು, ಕೂಡ ಕಲಿಯಿರಿ. ಟೈರೆಲ್ ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ಹಾಗೆ (ಮೋನೊ) ಮಾಡಿ, ಜಾರು ಹೊಂದಿಸುವ ಗ್ಲೈಡ್ ನಾಬನ್ನು ಚೂರೇ ಚೂರು ತಿರುಗಿಸಿ. 1982ರಲ್ಲೇ ಮುಂಬಯಿಯಲ್ಲಿ ಚರಣಜಿತ್ ಸಿಂಗ್ ರೋಲ್ಯಾಂಡ್ ಸಿಂಥ್‌ಗಳ ಮೇಲೆ ರಾಗ ನುಡಿಸಿ ರೆಕಾರ್ಡ್ ಮಾಡಿದ್ದರು. ಕೇಳಿ ನೋಡಿ, ಹುರುಪು ಬರುತ್ತೆ.

ಮುಂದಿನ ಕಾರ್ಯಕ್ರಮಕ್ಕೆ ಎಡಕ್ಕೊಂದು, ಬಲಕ್ಕೊಂದು ಅಂತ ಎರಡು ಡಿಐ ಬಾಕ್ಸ್ (ವಾದ್ಯವನ್ನು ಮಿಕ್ಸರ್‌ಗೆ ಜೋಡಿಸೋ ಪೆಟ್ಟಿಗೆ) ಕೇಳಿ ಇಟ್ಟುಕೊಳ್ಳಿ. ಮಿಕ್ಸರ್‌ನಲ್ಲಿ ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ತಿರುಗಿಸಲು ಹೇಳಿ. ಹಾಲ್‌ನ ಸ್ಪೀಕರ್‌ಗಳೇ ಮೋನೊ ಆಗಿದ್ದರೆ, ಅಂದರೆ ಎಡ-ಬಲ ಎರಡರಲ್ಲೂ ಒಂದೇ ಸದ್ದು ಬರುವಂತಿದ್ದರೆ, ಕೋರಸ್ ಕಮ್ಮಿ ಮಾಡಿ, ಎರಡನೇ ಆಸಿಲೇಟರ್ ಸೇರಿಸಿ ಅದರ ಶ್ರುತಿಯನ್ನು ಕೂದಲೆಳೆಯಷ್ಟು ಸರಿಸಿ.