ಬಿಪಿ ಜಾಸ್ತಿ ಇದ್ದರೆ ರಕ್ತವೂ ಜಾಸ್ತಿ ಹರಿಯಬೇಕಲ್ವಾ?

ಅಪ್ಪನ ಬಿಪಿ 160/100 ಬರ್ತಿದೆ, ಒತ್ತಡ ಇದ್ದಷ್ಟೂ ರಕ್ತ ಚೆನ್ನಾಗಿ ಹರಿಯಬೇಕಲ್ವಾ, ಮಾತ್ರೆ ಕೊಟ್ಟು ಇಳಿಸಿದರೆ ಮೆದುಳಿಗೆ ರಕ್ತ ಕಡಿಮೆ ಆಗಲ್ವಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಎಮರ್ಜೆನ್ಸಿ ವಾರ್ಡಿನ ಸ್ಟಾಫ್ ನರ್ಸ್. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನಮ್ಮ ಡ್ರಿಪ್ ಸ್ಟ್ಯಾಂಡಿನಲ್ಲೇ ಸಿಗುತ್ತೆ.

ಹೈವೇಯಲ್ಲಿ ಆಕ್ಸಿಡೆಂಟ್ ಆಗಿ, ರಕ್ತ ಸುರಿದುಹೋದ ಸ್ಥಿತಿಯಲ್ಲಿ ಯಾರನ್ನಾದರೂ ಕರೆತಂದಾಗ ಜೊತೆಗಿದ್ದವರು ಹೇಳೋ ಮೊದಲ ಮಾತು, "ಸಿಸ್ಟರ್, ಬಾಟ್ಲಿ ಇನ್ನೂ ಮೇಲೆ ಕಟ್ರಿ". ತಪ್ಪೇನಲ್ಲ. ಎತ್ತರ ಹೆಚ್ಚಿದಷ್ಟು ಒತ್ತಡ ಹೆಚ್ಚುತ್ತೆ, ಹರಿವೂ ಹೆಚ್ಚುತ್ತೆ. ಆದರೆ ನಾವು ಮೊದಲು ನೋಡೋದು ಕೈಯ ರಕ್ತನಾಳಕ್ಕೆ ಚುಚ್ಚಿರೋ ಸಣ್ಣ ಕೊಳವೆ, ಅಂದರೆ ಕ್ಯಾನುಲಾದ ಬಣ್ಣ. ನೀಲಿ ಅಂದರೆ 22 ಗೇಜ್, ಬೂದು ಅಂದರೆ 16 ಗೇಜ್. ನಂಬರ್ ಕಡಿಮೆ ಆದಷ್ಟು ದಪ್ಪ. ಎರಡರ ದಪ್ಪಕ್ಕೂ ಒಂದು ಮಿಲಿಮೀಟರ್ ವ್ಯತ್ಯಾಸ ಕೂಡ ಇಲ್ಲ. ಆದರೂ ಬೂದುಬಣ್ಣದ್ದರಲ್ಲಿ ಸುಮಾರು ಐದು ಪಟ್ಟು ಜಾಸ್ತಿ ಹೋಗುತ್ತೆ. ನೀಲಿ ಹಾಕಿಟ್ಟು ಬಾಟಲಿಯನ್ನು ಸೀಲಿಂಗಿಗೆ ಕಟ್ಟಿದರೂ ಅಷ್ಟು ಸಿಗಲ್ಲ.

1840ರ ಸುಮಾರಿಗೆ ಪ್ವಾಸೋಯ್ ಅನ್ನೋ ಫ್ರೆಂಚ್ ವೈದ್ಯರು ಕೂದಲೆಳೆಯಂಥ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಇದರ ಲೆಕ್ಕ ಕಂಡುಹಿಡಿದರು. ಒತ್ತಡ ಎರಡು ಪಟ್ಟಾದರೆ ಹರಿವೂ ಎರಡು ಪಟ್ಟು. ಒಳ ಅಗಲ ಎರಡು ಪಟ್ಟಾದರೆ ಹರಿವು 16 ಪಟ್ಟು! ಅಗಲ ಅರ್ಧಕ್ಕೆ ಇಳಿದರೆ ಹರಿವು ಹದಿನಾರನೇ ಒಂದು ಪಾಲು. ಬರೀ 10% ಕಿರಿದಾದರೂ ಮೂರನೇ ಒಂದು ಪಾಲು ಕೈಬಿಡುತ್ತೆ. ನಿಜವಾದ ರಕ್ತನಾಳ ಹಿಗ್ಗುತ್ತೆ, ಕುಗ್ಗುತ್ತೆ, ರಕ್ತ ನೀರಿಗಿಂತ ಮೂರ್ನಾಲ್ಕು ಪಟ್ಟು ಮಂದ. ಹಾಗಾಗಿ ಲೆಕ್ಕ ಅಕ್ಷರಶಃ ಕೂಡಿಬರಲ್ಲ, ಆದರೆ ದಿಕ್ಕು ಅದೇ.

ಪೈಪಿನ ಬಾಯಿ ಬೆರಳಲ್ಲಿ ಒತ್ತಿದರೆ ನೀರು ಜೋರಾಗಿ ಚಿಮ್ಮುತ್ತಲ್ಲಾ ಅಂತ ನಿಮಗೆ ಅನಿಸಬಹುದು. ಚಿಮ್ಮುತ್ತೆ, ಆದರೆ ಬಕೆಟ್ ತುಂಬೋದು ತಡ. ಹೃದಯದ ನಾಳದ ಬ್ಲಾಕಿನಲ್ಲೂ ಕಿರಿದಾದ ಜಾಗದಲ್ಲಿ ವೇಗ ಏರುತ್ತೆ, ಮುಂದೆ ತಲುಪೋ ಪ್ರಮಾಣ ಇಳಿಯುತ್ತೆ. ಸುಮ್ನೆ ಕೂತಾಗ ಗೊತ್ತಾಗಲ್ಲ, ಯಾಕಂದ್ರೆ ಮುಂದಿನ ಸಣ್ಣ ನಾಳಗಳು ಅಗಲವಾಗಿ ಸರಿದೂಗಿಸುತ್ತವೆ. ಚಿತ್ರದುರ್ಗದ ಕೋಟೆ ಹತ್ತೋಕೆ ಹೊರಟಾಗ ಎದೆ ಹಿಡಿದುಕೊಳ್ಳುತ್ತೆ.

ಈಗ ಅಪ್ಪನ ವಿಷಯ. ಬಹುಕಾಲದ ಬಿಪಿ ಇದ್ದವರಲ್ಲಿ ಹೃದಯ ಪಂಪ್ ಮಾಡೋದು ಸಾಮಾನ್ಯವಾಗಿ ಎಲ್ಲರಷ್ಟೇ, ನಿಮಿಷಕ್ಕೆ ಸುಮಾರು 5 ಲೀಟರ್. ಹೆಚ್ಚಿರೋದು ಅಡ್ಡಿ. ಧಮನಿಗಳ ತುದಿಯಲ್ಲಿ ಆರ್ಟೀರಿಯೋಲ್ ಅನ್ನೋ ಸಣ್ಣ ನಾಳಗಳಿವೆ, ಅವುಗಳ ಗೋಡೆಯ ಸ್ನಾಯು ಬಿಗಿದುಕೊಂಡಿರುತ್ತೆ. ಅದೇ 5 ಲೀಟರ್ ದಾಟಿಸೋಕೆ ಹೃದಯ ಜಾಸ್ತಿ ಒತ್ತಬೇಕು. ಮಷಿನ್ನಿನಲ್ಲಿ ಕಾಣೋ 160 ಆ ಒದ್ದಾಟದ ನಂಬರ್, ಹರಿವಿನದ್ದಲ್ಲ. ವರ್ಷಗಟ್ಟಲೆ ಹೀಗೇ ನಡೆದರೆ ಎಡ ಹೃದಯದ ಗೋಡೆ ದಪ್ಪವಾಗುತ್ತೆ, ಕಿಡ್ನಿ, ಕಣ್ಣು, ಮೆದುಳಿನ ನಾಳಗಳು ಹಾಳಾಗುತ್ತವೆ.

ಅಮ್ಲೋಡಿಪಿನ್ ಥರದ ಮಾತ್ರೆ ಆ ಸ್ನಾಯುವನ್ನು ಸಡಿಲಿಸುತ್ತೆ. ನಾಳ ಅಗಲವಾಗುತ್ತೆ, ಒತ್ತಡ ಇಳಿಯುತ್ತೆ, ಹರಿವು ಹಾಗೇ ಉಳಿಯುತ್ತೆ. ಮೆದುಳಂತೂ ತನ್ನ ನಾಳಗಳನ್ನು ತಾನೇ ಹಿಗ್ಗಿಸಿ ಕುಗ್ಗಿಸಿ, ಒತ್ತಡ ಸ್ವಲ್ಪ ಆಚೀಚೆ ಆದರೂ ತನಗೆ ಬೇಕಾದಷ್ಟು ರಕ್ತ ಪಡೆಯುತ್ತೆ. ಆದರೆ ಹಳೇ ಬಿಪಿಯವರ ಮೆದುಳು ಮೇಲಿನ ಒತ್ತಡಕ್ಕೇ ಒಗ್ಗಿರುತ್ತೆ. ಅದಕ್ಕೇ ಡಾಕ್ಟರು ಒಂದೇ ದಿನಕ್ಕೆ 120ಕ್ಕೆ ಎಳೆಯಲ್ಲ, ವಾರಗಳಲ್ಲಿ ನಿಧಾನವಾಗಿ ಇಳಿಸ್ತಾರೆ. ಬೇಗ ಇಳಿಯಲಿ ಅಂತ ಮನೆಯಲ್ಲೇ ಎರಡು ಮಾತ್ರೆ ನುಂಗಿಸಬೇಡಿ.

ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಚರ್ಮದ ನಾಳಗಳೂ ಅಗಲವಾಗುತ್ತವೆ, ಬೆವರಿ ನೀರೂ ಹೋಗಿರುತ್ತೆ. ಆಗ ಅಪ್ಪನಿಗೆ ಎದ್ದು ನಿಂತ ಕೂಡಲೇ ತಲೆ ತಿರುಗಿದರೆ, ಮಾತ್ರೆ ನೀವೇ ನಿಲ್ಲಿಸದೆ, ಕೂತಾಗ ಒಂದು ನಿಂತಾಗ ಒಂದು ರೀಡಿಂಗ್ ತೆಗೆದು ಡಾಕ್ಟರಿಗೆ ತೋರಿಸಿ. ಡೋಸ್ ಬದಲಿಸಬೇಕೋ ಬೇಡವೋ ಅವರು ಹೇಳ್ತಾರೆ.