ತಂತಿಯಿಲ್ಲದ ಫೋನು, ತಂತಿ ಬೇಕಾಗುವ ರಾತ್ರಿ

ಮನೆಯ ಫೋನಿನ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಮೊಬೈಲ್ ಕಾಲದಲ್ಲಿ ಯಾರು ಬರೆದಾರು ಎಂದುಕೊಂಡಿದ್ದವನಿಗೆ ಒಂದು ಚೀಲ ತುಂಬುವಷ್ಟು ಪತ್ರ ಬಂದಿದೆ. ಇಂಟರ್ನೆಟ್‌ಗೆಂದು ಮನೆಗೆ ಫೈಬರ್ ಎಳೆಸಿದವರಿಗೆ ಫೋನ್ ಸಂಪರ್ಕವೂ ಜೊತೆಗೇ ಸಿಗುತ್ತಿದೆ. ವಯಸ್ಸಾದವರಿಗೆ ಅನುಕೂಲವಾಗಲಿ ಎಂದು ಮಕ್ಕಳು ಅದಕ್ಕೊಂದು ಕಾರ್ಡ್‌ಲೆಸ್ ಫೋನು ತಂದು ಸಿಕ್ಕಿಸುತ್ತಿದ್ದಾರೆ. ತುಮಕೂರಿನಲ್ಲಿ ಮೂವತ್ತೊಂದು ವರ್ಷ ಫೋನ್ ಮೆಕ್ಯಾನಿಕ್ ಆಗಿ ಕಂಬ ಹತ್ತಿ, ಕೇಬಲ್ ಗುಂಡಿಗೆ ಇಳಿದು ದುಡಿದವನು ನಾನು. ನನ್ನ ಕೈಯಿಂದ ಆದ ಕೆಲಸದಿಂದ ತಿಳಿದದ್ದನ್ನು ಹೇಳುತ್ತೇನೆ. ನನ್ನ ಕೈಯಿಂದಲೇ ಆದ ಒಂದು ತಪ್ಪನ್ನೂ ಈ ಸಲ ಹೇಳಬೇಕಾಗಿದೆ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಬರುವಾಗ ಕಾರ್ಡ್‌ಲೆಸ್ ಫೋನು ತಂದಿದ್ದಾನೆ. ಪೆಟ್ಟಿಗೆಯ ಮೇಲೆ ‘ಡೆಕ್ಟ್ 6.0’ ಎಂದಿದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೆ ನಡೆಯುತ್ತದೆ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. ನಮ್ಮ ಯಜಮಾನರಿಗೆ ಕಿವಿ ಸ್ವಲ್ಪ ಮಂದ, ಶ್ರವಣ ಸಾಧನ ಹಾಕುತ್ತಾರೆ. ಹಾಕಿಸಲೇ?
— ನಿವೃತ್ತ ಶಿಕ್ಷಕಿ, ಎಸ್.ಎಸ್. ಪುರಂ, ತುಮಕೂರು

ಉತ್ತರ: ಹಾಕಿಸಬೇಡಿ, ತಾಯಿ. ಮಗ ಪ್ರೀತಿಯಿಂದ ತಂದದ್ದನ್ನು ಬೇಡ ಎನ್ನಲು ನನಗೂ ಕಷ್ಟವೇ. ಆದರೆ ಆ ಫೋನು ಇಲ್ಲಿಯದಲ್ಲ.

ಎಲೆಕ್ಟ್ರಿಷಿಯನ್ ಹೇಳಿದ್ದು ಅರ್ಧ ಸರಿ. ಅಲ್ಲಿಯ ಅಡಾಪ್ಟರ್ 120 ವೋಲ್ಟ್‌ಗೆ ಮಾಡಿದ್ದು, ನಮ್ಮ ಗೋಡೆಯಲ್ಲಿ ಬರುವುದು 230 ವೋಲ್ಟ್. ನೇರವಾಗಿ ಸಿಕ್ಕಿಸಿದರೆ ಸುಟ್ಟು ಹೋಗುತ್ತದೆ, ಹೊಗೆಯೂ ಬರಬಹುದು. ಟ್ರಾನ್ಸ್‌ಫಾರ್ಮರ್ ಹಾಕಿದರೆ ಆ ತೊಂದರೆ ತಪ್ಪುತ್ತದೆ. ಆದರೆ ನಿಜವಾದ ತೊಂದರೆ ಕಣ್ಣಿಗೆ ಕಾಣದ ಕಡೆ ಇದೆ. ಡೆಕ್ಟ್ ಎಂದರೆ ಕಾರ್ಡ್‌ಲೆಸ್ ಫೋನುಗಳು ಅಲೆಗಳ ಮೂಲಕ ಮಾತನಾಡುವ ಒಂದು ಪದ್ಧತಿ, 6.0 ಎಂಬುದು ಹೆಸರು ಮಾತ್ರ; ಆ ಫೋನು ಮಾತನಾಡುವುದು 1920ರಿಂದ 1930 ಮೆಗಾಹರ್ಟ್ಸ್ ಅಲೆಗಳಲ್ಲಿ. ನಮ್ಮ ದೇಶದಲ್ಲಿ ಅದೇ ಜಾಗದಲ್ಲಿ ಮೊಬೈಲ್‌ಗಳು ಟವರ್‌ಗೆ ಮಾತು ಕಳಿಸುತ್ತವೆ. ನಿಮ್ಮ ಮನೆಯ ಫೋನು ದಿನವಿಡೀ ಆ ದಾರಿಗೆ ಅಡ್ಡ ನಿಂತರೆ ಬೀದಿಯವರ ಕರೆಗಳು ತುಂಡಾಗಬಹುದು, ಅದಕ್ಕೆ ನೀವೇ ಹೊಣೆಯಾಗುತ್ತೀರಿ. ಯುರೋಪಿನ ಮಾದರಿಯ ಡೆಕ್ಟ್ ಫೋನುಗಳು 1880ರಿಂದ 1900 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತವೆ. ಭಾರತದಲ್ಲಿ ಮಾರಲೆಂದೇ ಬಂದ, ಇಲ್ಲಿಯ ಅಡಾಪ್ಟರ್ ಇರುವ, ರಸೀದಿ ಕೊಡುವ ಅಂಗಡಿಯ ಫೋನನ್ನೇ ಕೊಳ್ಳಿ.

ಯಜಮಾನರನ್ನು ಅಂಗಡಿಗೆ ಕರೆದುಕೊಂಡು ಹೋಗಿ. ಕಾರ್ಡ್‌ಲೆಸ್ ಫೋನಿನ ಅಲೆ ಬಿಟ್ಟು ಬಿಟ್ಟು ಬರುವುದರಿಂದ ಕೆಲವು ಶ್ರವಣ ಸಾಧನಗಳಲ್ಲಿ ಗುಂಯ್ ಎನ್ನುವ ಸದ್ದು ಸೇರಿಕೊಳ್ಳುತ್ತದೆ. ಸಾಧನ ಹಾಕಿಕೊಂಡೇ ಒಂದು ಕರೆ ಮಾಡಿ ಕೇಳಲಿ. ಆ ಸದ್ದು ಬಂದರೆ ಬೇರೆ ಮಾದರಿ ನೋಡಿ, ಇಲ್ಲವೇ ದೊಡ್ಡ ಗುಂಡಿಗಳಿರುವ, ಸ್ಪೀಕರ್ ಇರುವ ತಂತಿಯ ಫೋನನ್ನೇ ಅವರ ಕುರ್ಚಿಯ ಪಕ್ಕ ಇಡಿ. ಅವರಿಗೆ ಕೇಳಿಸುವುದು ಮುಖ್ಯ, ಫೋನು ಹೊಸದಾಗಿರುವುದಲ್ಲ.

ಪ್ರಶ್ನೆ: ಮನೆಗೂ ರೇಷ್ಮೆ ಹುಳು ಮನೆಗೂ ನಡುವೆ ಸುಮಾರು ನಲವತ್ತು ಹೆಜ್ಜೆ. ಹುಳು ಮನೆಗೆ ಶೀಟಿನ ಚಾವಣಿ. ಫೋನನ್ನು ಅಲ್ಲಿಗೆ ಒಯ್ದರೆ ಮಾತು ಕಡಿದು ಹೋಗುತ್ತದೆ. ಪೆಟ್ಟಿಗೆಯ ಮೇಲೆ 300 ಮೀಟರ್ ಎಂದು ಬರೆದಿದೆ. ಮೋಸವೇ?
— ರೈತ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಮೋಸವಲ್ಲ. ಅಡ್ಡ ಏನೂ ಇಲ್ಲದ ಬಯಲಿನ ಲೆಕ್ಕ ಅದು. ಕಟ್ಟಡದೊಳಗೆ 50 ಮೀಟರ್ ಸಿಕ್ಕರೆ ದೊಡ್ಡದು. ನಮ್ಮ ಕಡೆಯ ಕಲ್ಲುಚಪ್ಪಡಿಯ ಗೋಡೆ, ಕಿಟಕಿಯ ಕಬ್ಬಿಣದ ಸರಳು, ತಗಡಿನ ಶೀಟು ಇವೆಲ್ಲ ಅಲೆಯನ್ನು ತಡೆಯುತ್ತವೆ.

ಕಾಸು ಖರ್ಚು ಮಾಡುವ ಮೊದಲು ಬೇಸ್, ಅಂದರೆ ಫೋನ್ ತಂತಿ ಸಿಕ್ಕಿಸುವ ಮೂಲ ಪೆಟ್ಟಿಗೆ, ಇಟ್ಟ ಜಾಗ ಬದಲಿಸಿ ನೋಡಿ. ನನ್ನ ಊಹೆ, ಅದು ಈಗ ನಡುಮನೆಯಲ್ಲಿ ಟಿ.ವಿ.ಯ ಪಕ್ಕದಲ್ಲೋ ವೈಫೈ ಡಬ್ಬಿಗೆ ಅಂಟಿಕೊಂಡೋ ಇದೆ. ಅಲ್ಲಿಂದ ತೆಗೆದು ಹಿತ್ತಲ ಕಡೆಯ ಕೋಣೆಗೆ, ಎದೆಯೆತ್ತರಕ್ಕೆ, ವೈಫೈ ಡಬ್ಬಿಯಿಂದ ನಾಲ್ಕೈದು ಅಡಿ ದೂರಕ್ಕೆ ತನ್ನಿ. ಉದ್ದದ ಫೋನ್ ತಂತಿ ಅಂಗಡಿಯಲ್ಲಿ ಸಿಗುತ್ತದೆ. ಮನೆಯವರೊಬ್ಬರು ಕರೆಯಲ್ಲಿ ಒಂದು, ಎರಡು ಎಂದು ಎಣಿಸುತ್ತಿರಲಿ, ನೀವು ನಡೆಯುತ್ತಾ ಹೋಗಿ. ಎಣಿಕೆ ತಪ್ಪಿದ ಕಡೆ ಗುರುತು ಹಾಕಿಕೊಂಡು ಬೇಸನ್ನು ಇನ್ನಷ್ಟು ಸರಿಸಿ. ಅರ್ಧ ಗಂಟೆಯ ಕೆಲಸ.

ಎರಡನೆಯ ಹ್ಯಾಂಡ್‌ಸೆಟ್ ಕೊಂಡರೆ ಅದರ ಚಾರ್ಜರ್‌ಗೆ ಕರೆಂಟ್ ಸಾಕು, ಫೋನ್ ತಂತಿ ಬೇಡ. ಆದರೆ ಆ ಚಾರ್ಜರನ್ನು ಹುಳು ಇರುವ ಕೋಣೆಯಲ್ಲಿ ಇಡಬೇಡಿ. ಹುಳುಗಳಿಗೆ ಬೇಕಾದ ತೇವ, ನೀವು ಸೋಂಕು ತಡೆಯಲು ಬಳಸುವ ಬ್ಲೀಚಿಂಗ್ ಪುಡಿ, ಸುಣ್ಣ ಇವು ಮೂರೂ ಚಾರ್ಜರ್‌ನ ಲೋಹದ ತುದಿಗಳನ್ನು ತಿನ್ನುತ್ತವೆ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವ ಅಪಾಯವೂ ಸೇರಿಕೊಳ್ಳುತ್ತದೆ. ಹೊರಗಿನ ಜಗುಲಿಯಲ್ಲಿ, ಮಳೆಯ ಎರಚಲು ತಾಗದ ಮೂಲೆಯಲ್ಲಿರಲಿ. ಹುಳುಗಳು ನಾಲ್ಕನೆಯ ಜ್ವರ (ಪೊರೆ ಕಳಚುವ ಹೊತ್ತು) ಎದ್ದ ಮೇಲೆ ಸೊಪ್ಪು ಹಾಕುವ ದಿನಗಳಲ್ಲಿ ನೀವು ಮನೆಗಿಂತ ಅಲ್ಲೇ ಹೆಚ್ಚು ಹೊತ್ತು ಇರುತ್ತೀರಿ ಎಂದು ಬಲ್ಲೆ. ಫೋನು ಅಲ್ಲಿಗೆ ತಲುಪಬೇಕು, ನಿಮ್ಮ ಆಸೆ ಸರಿಯಾದದ್ದೇ.

ಪ್ರಶ್ನೆ: ಸೆಲ್ ಸತ್ತುಹೋಯಿತೆಂದು ಗಡಿಯಾರಕ್ಕೆ ಹಾಕುವ ಸಣ್ಣ ಸೆಲ್ ತಂದು ಹಾಕಿದೆ. ಅಳತೆ ಸರಿಯಾಗಿ ಕೂತಿತು. ಎರಡು ದಿನಕ್ಕೆ ಫೋನು ಬಿಸಿಯಾಗಿ ಒಳಗಿಂದ ಏನೋ ಸೋರಿದೆ.
— ಗೃಹಿಣಿ, ಬಂಗಾರಪೇಟೆ

ಉತ್ತರ: ಕೂಡಲೇ ಚಾರ್ಜರ್‌ನಿಂದ ತೆಗೆಯಿರಿ. ಸೋರಿದ ದ್ರವವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗೆ ತಾಗಿದ್ದರೆ ಚೆನ್ನಾಗಿ ನೀರಿನಲ್ಲಿ ತೊಳೆದುಕೊಳ್ಳಿ. ಅಳತೆ ಒಂದೇ ಆದರೂ ಜಾತಿ ಬೇರೆ. ಗಡಿಯಾರದ ಸೆಲ್‌ಗೆ ಚಾರ್ಜ್ ತಡೆದುಕೊಳ್ಳುವ ಶಕ್ತಿಯಿಲ್ಲ, ಅದು ಸೋರುತ್ತದೆ, ಒಡೆಯಲೂಬಹುದು. ಹೆಚ್ಚಿನ ಹ್ಯಾಂಡ್‌ಸೆಟ್‌ಗಳಿಗೆ ಬೇಕಾದದ್ದು ನಿಕ್ಕಲ್ ಮೆಟಲ್ ಹೈಡ್ರೈಡ್ ಎಂಬ, ಚಾರ್ಜ್ ಆಗುವ, 1.2 ವೋಲ್ಟ್‌ನ ಎರಡು ಸೆಲ್. ಹಳೆಯ ಸೆಲ್‌ನ ಮೇಲಿನ ಬರಹವನ್ನು ಅಂಗಡಿಯವರಿಗೆ ತೋರಿಸಿ ಅದೇ ಬಗೆಯದನ್ನು ಕೇಳಿ. ಎರಡನ್ನೂ ಒಟ್ಟಿಗೆ ಬದಲಿಸಿ. ಮೊದಲ ಸಲ ಹದಿನಾರು ಗಂಟೆ ಚಾರ್ಜ್ ಆಗಲು ಬಿಡಿ. ಹಳೆಯದನ್ನು ಒಲೆಗೆ ಹಾಕಬೇಡಿ, ಕಸದ ಬುಟ್ಟಿಗೂ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಪ್ರಶ್ನೆ: ಕೋಲಾರದ ಮನೆಯಲ್ಲಿ ಎಪ್ಪತ್ತಾರು ವರ್ಷದ ಅಮ್ಮ ಒಬ್ಬರೇ ಇರುತ್ತಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ತಾಮ್ರದ ಲೈನು ತೆಗೆದು ಫೈಬರ್ ಹಾಕಿದ್ದಾರೆ. ಹಾಸಿಗೆಯ ಪಕ್ಕ ಕಾರ್ಡ್‌ಲೆಸ್ ಇಟ್ಟಿದ್ದೇನೆ. ಆದರೆ ಕರೆಂಟ್ ಹೋದಾಗಲೆಲ್ಲ ಅಮ್ಮನಿಗೆ ಕರೆ ಹೋಗುವುದಿಲ್ಲ. ಹ್ಯಾಂಡ್‌ಸೆಟ್‌ನಲ್ಲಿ ಚಾರ್ಜ್ ಇರುತ್ತದೆ, ಆದರೂ ಯಾಕೆ?
— ಮಗಳು, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ತಂಗಿ.

ನನ್ನ ಅಕ್ಕ ಕ್ಯಾತ್ಸಂದ್ರದಲ್ಲಿ ಒಬ್ಬಳೇ ಇದ್ದಳು. ಅವಳ ಮನೆಯಲ್ಲಿ ಹಳೆಯ ಕೆಂಪು ಫೋನು ಇತ್ತು. ತಂತಿ ಕಾಲಿಗೆ ತೊಡರುತ್ತದೆ ಎಂದು ನಾನೇ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿ ಕಾರ್ಡ್‌ಲೆಸ್ ಕೂಡಿಸಿದೆ. ಮುಂಗಾರಿಗೆ ಮೊದಲಿನ ಒಂದು ಮಳೆಯ ರಾತ್ರಿ, ಕರೆಂಟ್ ಇಲ್ಲದ ಹೊತ್ತಿನಲ್ಲಿ, ಅವಳು ಬಚ್ಚಲ ಹೊಸ್ತಿಲ ಬಳಿ ಜಾರಿ ಬಿದ್ದಳು. ಹ್ಯಾಂಡ್‌ಸೆಟ್ ಕೈಯಲ್ಲೇ ಇತ್ತು. ಗುಂಡಿ ಒತ್ತಿದರೆ ಬೆಳಕು ಬರುತ್ತಿತ್ತು, ಡಯಲ್ ಟೋನ್ ಬರುತ್ತಿರಲಿಲ್ಲ. ಬೆಳಿಗ್ಗೆ ಹಾಲಿನವನು ಕೂಗಿದಾಗಲೇ ಜನ ಸೇರಿದ್ದು. ಸೊಂಟದ ಮೂಳೆ ಮುರಿದಿತ್ತು, ಐದು ಗಂಟೆ ನೆಲದ ಮೇಲಿದ್ದಳು. ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಹ್ಯಾಂಡ್‌ಸೆಟ್‌ಗೆ ಸೆಲ್ ಇದ್ದರೂ ಬೇಸ್‌ಗೆ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಗೊತ್ತಿದ್ದೂ ಆ ಕೆಂಪು ಫೋನನ್ನು ತೆಗೆದಿದ್ದೆ. ತಾಮ್ರದ ಲೈನಿಗೆ ಎಕ್ಸ್‌ಚೇಂಜ್‌ನ ಬ್ಯಾಟರಿಯಿಂದ 48 ವೋಲ್ಟ್ ಹರಿದು ಬರುತ್ತದೆ. ಮನೆಯಲ್ಲಿ, ಬೀದಿಯಲ್ಲಿ, ಊರಿನಲ್ಲೇ ಕರೆಂಟ್ ಇಲ್ಲದಿದ್ದರೂ ಆ ಕೆಂಪು ಫೋನು ಮಾತನಾಡುತ್ತಿತ್ತು.

ನಿಮ್ಮ ಮನೆಯಲ್ಲಿ ತೊಂದರೆ ಇಮ್ಮಡಿ. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ಬೆಳಕು ಬರುತ್ತದೆಯೇ ಹೊರತು ಕರೆಂಟ್ ಬರುವುದಿಲ್ಲ. ಹಾಗಾಗಿ ಕರೆಂಟ್ ಹೋದರೆ ಗೋಡೆಯ ಮೇಲಿನ ಫೈಬರ್ ಡಬ್ಬಿಯೂ ಸಾಯುತ್ತದೆ, ಕಾರ್ಡ್‌ಲೆಸ್‌ನ ಬೇಸೂ ಸಾಯುತ್ತದೆ. ಹೀಗೆ ಮಾಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಈ ಎರಡೂ ಅಡಾಪ್ಟರ್‌ಗಳು ಇನ್ವರ್ಟರ್ ಸಾಲಿನ ಸಾಕೆಟ್‌ನಲ್ಲಿವೆಯೇ ಎಂದು ನೋಡಿ. ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಇರುತ್ತದೆ, ಫೋನಿನ ಸಾಕೆಟ್ ಮಾತ್ರ ಅದಕ್ಕೆ ಸೇರಿರುವುದಿಲ್ಲ. ಇನ್ವರ್ಟರ್ ಇಲ್ಲದಿದ್ದರೆ ಫೈಬರ್ ಡಬ್ಬಿಗೆಂದೇ ಸಣ್ಣ ಯು.ಪಿ.ಎಸ್. ಸಿಗುತ್ತದೆ. ಕೊಳ್ಳುವಾಗ ಡಬ್ಬಿಯ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟೇಜಿಗೆ ಹೊಂದುವುದನ್ನೇ ಕೇಳಿ. ಅದೇ ಯು.ಪಿ.ಎಸ್.ಗೆ ಬೇಸನ್ನೂ ಸಿಕ್ಕಿಸಬೇಡಿ, ಎರಡರ ವೋಲ್ಟೇಜು ಬೇರೆ ಬೇರೆ ಇರುತ್ತದೆ.

ಆಮೇಲೆ ಒಂದು ಸಾದಾ ತಂತಿಯ ಫೋನು ತನ್ನಿ. ಎರಡು ಕವಲಿನ ಸಾಕೆಟ್ ಹಾಕಿ ಡಬ್ಬಿಯ ಫೋನ್ ಕಿಂಡಿಗೆ ಕಾರ್ಡ್‌ಲೆಸ್ ಜೊತೆಗೆ ಅದನ್ನೂ ಸೇರಿಸಿ. ಡಬ್ಬಿಗೆ ಕರೆಂಟ್ ಇದ್ದರೆ ಸಾಕು, ಈ ಫೋನಿಗೆ ಬೇರೆ ಕರೆಂಟ್ ಬೇಡ. ಅದನ್ನು ಮೇಜಿನ ಮೇಲಲ್ಲ, ಮೊಣಕಾಲೆತ್ತರದ ಸ್ಟೂಲಿನ ಮೇಲೆ, ಗೋಡೆಗೆ ಒತ್ತಿ ಇಡಿ. ಬಿದ್ದವರ ಕೈಗೆ ಎಟುಕಬೇಕು. ತಂತಿಯನ್ನು ಗೋಡೆಯ ಬುಡಕ್ಕೆ ಕ್ಲಿಪ್ ಹೊಡೆದು ಕೂಡಿಸಿದರೆ ಕಾಲಿಗೆ ತೊಡರುವುದಿಲ್ಲ. ನಾನು ಅಕ್ಕನ ಮನೆಯಲ್ಲಿ ಅಂದು ಮಾಡಬೇಕಾಗಿದ್ದುದು ಇಷ್ಟೇ, ಹತ್ತು ಕ್ಲಿಪ್‌ಗಳ ಕೆಲಸ.

ಎರಡೂ ಫೋನುಗಳಲ್ಲಿ ಒಂದೇ ಗುಂಡಿಗೆ ನಿಮ್ಮ ನಂಬರು, ಇನ್ನೊಂದಕ್ಕೆ ಪಕ್ಕದ ಮನೆಯವರ ನಂಬರು ಸೇರಿಸಿ. ಊರಿಗೆ ಹೋದಾಗ ಮನೆಯ ಮೇನ್ ಸ್ವಿಚ್ ಇಳಿಸಿ, ಅಮ್ಮನ ಕೈಯಲ್ಲೇ ನಿಮ್ಮ ಮೊಬೈಲ್‌ಗೆ ಕರೆ ಮಾಡಿಸಿ. ನಿಮ್ಮ ಮೊಬೈಲ್ ರಿಂಗ್ ಆಗುವವರೆಗೆ ಕೆಲಸ ಮುಗಿದಿಲ್ಲವೆಂದೇ ತಿಳಿಯಿರಿ. ತಿಂಗಳಿಗೊಮ್ಮೆ ಹೀಗೆ ಮಾಡಿ.

ಪ್ರಶ್ನೆ: ಗುಡುಗು ಸಿಡಿಲಿನಲ್ಲಿ ಕಾರ್ಡ್‌ಲೆಸ್‌ನಲ್ಲಿ ಮಾತನಾಡಬಹುದೇ? ನಮ್ಮದು ತೋಟದ ಮನೆ, ಇನ್ನೂ ತಾಮ್ರದ ಲೈನೇ ಇದೆ.
— ತೆಂಗು ಬೆಳೆಗಾರ, ಗುಬ್ಬಿ ತಾಲ್ಲೂಕು

ಉತ್ತರ: ಕೈಯಲ್ಲಿರುವ ಹ್ಯಾಂಡ್‌ಸೆಟ್‌ಗೂ ತಂತಿಗೂ ನಂಟಿಲ್ಲ, ಆದ್ದರಿಂದ ಮನೆಯೊಳಗೆ ಅದರಲ್ಲಿ ಮಾತನಾಡಿದವರಿಗೆ ತಂತಿಯ ಮೂಲಕ ಆಘಾತವಾಗುವುದಿಲ್ಲ. ತಂತಿಯ ಫೋನನ್ನು ಮಾತ್ರ ಸಿಡಿಲಿನಲ್ಲಿ ಮುಟ್ಟಲೇಬೇಡಿ. ತೋಟದ ಮೇಲೆ ಹಾದು ಬರುವ ತಾಮ್ರದ ತಂತಿ ಸಿಡಿಲಿನ ಹೊಡೆತವನ್ನು ನೇರ ಮನೆಯೊಳಗೆ ತರುತ್ತದೆ. ಭರಣಿ ಮಳೆ ಶುರುವಾದರೆ ಕಂಬದ ಪೆಟ್ಟಿಗೆಗಳಲ್ಲಿ ಸುಟ್ಟು ಕಪ್ಪಾದ ರಕ್ಷಕಗಳನ್ನು ಬದಲಿಸುವುದೇ ನಮಗೆ ಕೆಲಸವಾಗುತ್ತಿತ್ತು. ಮೋಡ ಕಟ್ಟುತ್ತಿರುವಾಗಲೇ ಬೇಸ್‌ನ ಅಡಾಪ್ಟರನ್ನೂ ಫೋನ್ ತಂತಿಯನ್ನೂ ಎರಡನ್ನೂ ಕಿತ್ತಿಡಿ. ಒಂದನ್ನು ಮಾತ್ರ ಕಿತ್ತರೆ ಇನ್ನೊಂದು ದಾರಿಯಲ್ಲಿ ಬರುತ್ತದೆ. ಸಿಡಿಲು ಶುರುವಾದ ಮೇಲಾದರೆ ಹತ್ತಿರ ಹೋಗಬೇಡಿ, ಬೇಸ್ ಹೋದರೆ ಹೋಗಲಿ.

ಇನ್ನೊಂದು. ಸಾಕೆಟ್ ಜಾಗ ಬದಲಿಸಲು ನೀವೇ ತಂತಿ ಸುಲಿಯುವ ಅಭ್ಯಾಸ ಹಳ್ಳಿಗಳಲ್ಲಿದೆ. 48 ವೋಲ್ಟ್ ಸಾಮಾನ್ಯವಾಗಿ ಜುಮ್ಮೆನ್ನುವುದೂ ಇಲ್ಲ. ಆದರೆ ಅದೇ ಕ್ಷಣ ಕರೆ ಬಂದರೆ ಗಂಟೆ ಬಾರಿಸುವ ವಿದ್ಯುತ್ 75 ವೋಲ್ಟ್‌ಗೂ ಮೀರುತ್ತದೆ. ಮಳೆಯಲ್ಲಿ ಒದ್ದೆಯಾದ ಕೈಯಿಂದ ಕಂಬದ ಮೇಲೆ ನಾನು ಅದನ್ನು ತಿಂದಿದ್ದೇನೆ, ಸೊಂಟದ ಬೆಲ್ಟ್ ಇದ್ದುದರಿಂದ ಉಳಿದೆ.

ಪ್ರಶ್ನೆ: ಮನೆಯಲ್ಲಿ ಎರಡು ತಿಂಗಳ ಮೊಮ್ಮಗು ಇದೆ. ಕಾರ್ಡ್‌ಲೆಸ್ ಅಲೆಗಳಿಂದ ಮಗುವಿಗೆ ಅಪಾಯ ಎಂದು ಸೊಸೆ ಹೆದರುತ್ತಾಳೆ.
— ಅಜ್ಜಿ, ಚಿಂತಾಮಣಿ

ಉತ್ತರ: ಸೊಸೆಯನ್ನು ಬೈಯಬೇಡಿ, ಕೇಳುವುದರಲ್ಲಿ ತಪ್ಪಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಈ ಬಗೆಯ ರೇಡಿಯೋ ಅಲೆಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ’ ಗುಂಪಿಗೆ ಸೇರಿಸಿತು. ತರುತ್ತದೆ ಎಂದು ಹೇಳಲಿಲ್ಲ. ಡೆಕ್ಟ್ ಫೋನಿನ ಸರಾಸರಿ ಶಕ್ತಿ 10 ಮಿಲಿವ್ಯಾಟ್ ಆಸುಪಾಸು, ತುಂಬಾ ಕಡಿಮೆ. ಆದರೆ ಯಾರೂ ಮಾತನಾಡದಿದ್ದಾಗಲೂ ಬೇಸ್ ಅಲೆ ಕಳಿಸುತ್ತಲೇ ಇರುತ್ತದೆ. ದೂರ ಎರಡು ಪಟ್ಟಾದರೆ ಅಲೆಯ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಬೇಸನ್ನು ತೊಟ್ಟಿಲಿನ ಕೋಣೆಯಿಂದ ತೆಗೆದು ಹಜಾರಕ್ಕೆ ಒಯ್ಯಿರಿ. ಸೊಸೆಯ ಹೆದರಿಕೆಗೂ ಅದೇ ಮದ್ದು, ಖರ್ಚೂ ಇಲ್ಲ.

ನನಗೆ ಹೆಚ್ಚು ಹೆದರಿಕೆ ತೊಟ್ಟಿಲ ಬಳಿ ಜೋಲುವ ಅಡಾಪ್ಟರ್ ತಂತಿಯದು, ಮಗು ಅಂಬೆಗಾಲಿಡಲು ಕಲಿತ ಮೇಲೆ ಕೈಗೆ ಸಿಗುವ ಸಣ್ಣ ಸೆಲ್‌ನದು. ಸೆಲ್ ಮುಚ್ಚಳ ಸಡಿಲವಾಗಿದ್ದರೆ ಇವತ್ತೇ ಸರಿಮಾಡಿಸಿ.

ಪ್ರಶ್ನೆ: ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಕಾರ್ಡ್‌ಲೆಸ್‌ನಿಂದ ಏಜೆನ್ಸಿಗೆ ಕರೆ ಮಾಡಬಹುದೇ?
— ಓದುಗರು, ಮಾಲೂರು

ಉತ್ತರ: ಮನೆಯೊಳಗಿಂದ ಬೇಡ. ಯಾವ ಗುಂಡಿಯನ್ನೂ ಸ್ವಿಚ್ಚನ್ನೂ ಒತ್ತದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಪಕ್ಕದ ಮನೆಯ ಫೋನಿನಿಂದ 1906ಕ್ಕೆ ಕರೆ ಮಾಡಿ. ಗ್ಯಾಸ್ ಸೋರಿಕೆಗೆಂದೇ ಇರುವ ನಂಬರು ಅದು.

ಪ್ರಶ್ನೆ: ಹೊಸ ಕಾರ್ಡ್‌ಲೆಸ್‌ಗೆ ಮಕ್ಕಳ ಮೊಬೈಲ್ ನಂಬರುಗಳನ್ನೆಲ್ಲ ಸೇರಿಸಿದೆ. ಒಂದಕ್ಕೂ ಕರೆ ಹೋಗುತ್ತಿಲ್ಲ. ಫೋನು ಕೆಟ್ಟಿದೆಯೇ?
— ನಿವೃತ್ತ ಗುಮಾಸ್ತ, ಗೌರಿಬಿದನೂರು

ಉತ್ತರ: ಕೆಟ್ಟಿಲ್ಲ. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಯಾವುದೇ ಮೊಬೈಲ್‌ಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕು, ಅದೇ ಊರಿನ ಮೊಬೈಲ್ ಆದರೂ ಸರಿ. ಸೇರಿಸಿದ ಪ್ರತಿ ನಂಬರಿನ ಮುಂದೆ ಸೊನ್ನೆ ಹಾಕಿ. ಮೊಬೈಲ್‌ನಲ್ಲಿ ನೋಡಿ ಬರೆದುಕೊಳ್ಳುವಾಗ +91 ಬಂದಿದ್ದರೆ ಅದನ್ನು ತೆಗೆಯಿರಿ. 112, 108ರ ಮುಂದೆ ಮಾತ್ರ ಸೊನ್ನೆ ಬೇಡ, ಹಾಗೆಯೇ ಒತ್ತಿ. ಆ ಎರಡು ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿ.