ಡೇಟಾಬೇಸ್‌ನಲ್ಲಿ ಸದಸ್ಯ ಸಂಖ್ಯೆಗೆ ಇಂಡೆಕ್ಸ್ (ಬೇಗ ಹುಡುಕಲು ಜೋಡಿಸಿಟ್ಟ ಸೂಚಿ) ಇದ್ದರೂ ಹುಡುಕಾಟ ನಿಧಾನ. ಉಳಿದ ಕಾಲಂಗಳಿಗೂ ಇಂಡೆಕ್ಸ್ ಹಾಕಲೇ?

ಹಾಕಬೇಡಿ. ನಿಮ್ಮ ಪ್ರಶ್ನೆ ಓದುವಾಗ ಬದಿಯಡ್ಕ ಕಡೆಯ ಒಂದು ಅಡಿಕೆ ಖರೀದಿ ಕೇಂದ್ರವೇ ಕಣ್ಣೆದುರು ಬಂತು. ಅಲ್ಲಿನ ಬಿಲ್ಲಿಂಗ್ ಸಾಫ್ಟ್‌ವೇರ್ ನಾನು ಬರೆದದ್ದು, ಮೈಎಸ್‌ಕ್ಯೂಎಲ್ ಡೇಟಾಬೇಸ್ ಮೇಲೆ. ಮಳೆ ಹಿಡಿಯುವ ಮೊದಲು ಚಾಲಿ (ಒಣಗಿಸಿದ ಅಡಿಕೆ) ತರುವವರ ಜೀಪುಗಳು ರಸ್ತೆವರೆಗೂ ಸಾಲು ನಿಲ್ಲುತ್ತವೆ. ತಕ್ಕಡಿ ಹತ್ತಿರ ಕೂತವರು ಸದಸ್ಯ ಸಂಖ್ಯೆ ಹೊಡೆದರೆ, ಎಲೆಗೆ ಸುಣ್ಣ ಹಚ್ಚಿ ಮಡಚಿ ಬಾಯಿಗೆ ಹಾಕುವಷ್ಟು ಹೊತ್ತಾದರೂ ಹಿಂದಿನ ಲೆಕ್ಕ ಬರುತ್ತಿರಲಿಲ್ಲ.

ಸದಸ್ಯ ಸಂಖ್ಯೆಗೆ ಇಂಡೆಕ್ಸ್ ಇತ್ತು. ಸಾಲದು ಅಂತ ದಿನಾಂಕಕ್ಕೆ, ದರ್ಜೆಗೆ, ಗೋಣಿ ಲೆಕ್ಕಕ್ಕೆ, ಎಲ್ಲದಕ್ಕೂ ಹಾಕಿದೆ. ಹುಡುಕಾಟ ಚೂರೂ ಚುರುಕಾಗಲಿಲ್ಲ, ಮೇಲಿಂದ ಹೊಸ ಬಿಲ್ ಸೇವ್ ಆಗುವುದೂ ನಿಧಾನವಾಯಿತು. ಆಗದೆ ಇರುತ್ತದಾ? ಒಂದು ಸಾಲು ಸೇರಿದರೆ ಅಷ್ಟೂ ಇಂಡೆಕ್ಸ್‌ಗಳ ಬಿ-ಟ್ರೀಯಲ್ಲಿ (ಇಂಡೆಕ್ಸ್ ಇಡುವ ಮರದಂಥ ರಚನೆ) ಒಂದೊಂದು ನಮೂದು ಬೀಳಬೇಕು.

ತಪ್ಪು ಇದ್ದದ್ದು ಕ್ವೆರಿಯಲ್ಲಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯಲ್ಲಿ. ಹಳೆ ರಿಜಿಸ್ಟರಿನಲ್ಲಿ ಕೆಲವರ ಸಂಖ್ಯೆ '204ಎ' ಅಂತ ಇದ್ದ ಕಾರಣ ಆ ಕಾಲಂ ವಾರ್‌ಕ್ಯಾರ್, ಅಂದರೆ ಅಕ್ಷರವಾಗಿ ಇಡುವಂಥದ್ದು. ಕ್ವೆರಿಯಲ್ಲಿ ಮಾತ್ರ ನಾನು ಕೋಟ್ ಇಲ್ಲದೆ ಬರೀ 204 ಬರೆದಿದ್ದೆ. ಕಾಲಂನಲ್ಲಿ ಇರುವುದು ಅಕ್ಷರ, ಹುಡುಕುವುದು ಅಂಕಿ. ಆಗ ಮೈಎಸ್‌ಕ್ಯೂಎಲ್ ಪ್ರತಿ ಸಾಲಿನಲ್ಲಿ ಇರುವುದನ್ನೂ ಅಂಕಿಗೆ ತಿರುಗಿಸಿ ಹೋಲಿಸಿ ನೋಡುತ್ತದೆ. ಅಂಕಿ ಮಾಡಿದರೆ '204', '0204', '204ಎ' ಮೂರೂ 204. ಇಂಡೆಕ್ಸ್ ಜೋಡಿಸಿಟ್ಟದ್ದಾದರೋ ಅಕ್ಷರಕ್ರಮದಲ್ಲಿ. ಅಲ್ಲಿ '0204' ಇರುವುದು ಸೊನ್ನೆಯ ಕಡೆ, '204' ಎರಡರ ಕಡೆ. ನೇರ ಒಂದು ಜಾಗಕ್ಕೆ ಹೋಗಿ ಹುಡುಕುವ ದಾರಿಯೇ ಇಲ್ಲ, ಇಡೀ ಟೇಬಲ್ ಓದಬೇಕು. ನಿಧಾನಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದು: 204ರವರ ಲೆಕ್ಕದಲ್ಲಿ 204ಎಯವರ ಪಟೋರವೂ (ಅಡಿಕೆಯ ಒಂದು ದರ್ಜೆ) ಸೇರಿ ಬರುತ್ತಿತ್ತು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಆಗಿದ್ದರೆ ಆ ಕ್ವೆರಿ ಓಡುತ್ತಲೇ ಇರಲಿಲ್ಲ, ಎರರ್ ಬರುತ್ತಿತ್ತು. ನನಗೆ ಆ ಕಟ್ಟುನಿಟ್ಟೇ ಇಷ್ಟ.

ಎಕ್ಸ್‌ಪ್ಲೇನ್ (ಕ್ವೆರಿ ಹೇಗೆ ಓಡುತ್ತದೆ ಅಂತ ತೋರಿಸುವ ಆಜ್ಞೆ) ಹಾಕಿದಾಗ ಎಲ್ಲ ಕಂಡಿತು. ಪಾಸಿಬಲ್ ಕೀಸ್‌ನಲ್ಲಿ ಇಂಡೆಕ್ಸಿನ ಹೆಸರು ಉಂಟು, ಪಕ್ಕದ ಕೀ ಕಾಲಂನಲ್ಲಿ ನಲ್ (ಯಾವ ಇಂಡೆಕ್ಸೂ ಬಳಸಿಲ್ಲ), ಟೈಪ್ ಆಲ್ (ಇಡೀ ಟೇಬಲ್ ಓದುತ್ತದೆ). ಕೋಟ್ ಹಾಕಿದೆ; ಎಂಟರ್ ಒತ್ತಿದ ಕೂಡಲೇ ಲೆಕ್ಕ ಬಂತು. ಆಮೇಲೆ ಉಳಿದ ಇಂಡೆಕ್ಸ್ ಎಲ್ಲ ತೆಗೆದು, ಸದಸ್ಯ ಸಂಖ್ಯೆ, ದಿನಾಂಕ ಸೇರಿಸಿ ಒಂದೇ ಇಂಡೆಕ್ಸ್ ಮಾಡಿದೆ. ಅದೇ ಕ್ರಮದಲ್ಲಿ. ಬರೀ ದಿನಾಂಕ ಕೊಟ್ಟು ಹುಡುಕುವುದಾದರೆ ಅದು ಪ್ರಯೋಜನಕ್ಕಿಲ್ಲ.

ಹಾಗಾಗಿ "ಯಾವ ಕಾಲಂಗೆ" ಅನ್ನುವ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಬೆಳಗ್ಗಿಂದ ಸಂಜೆವರೆಗೆ ಓಡುವ ಕ್ವೆರಿ ಯಾವುದು, ಅದನ್ನು ಕೇಳಿಕೊಳ್ಳಿ. ಹೆಸರಿನ ಎರಡೂ ಬದಿ ಪರ್ಸೆಂಟ್ ಚಿಹ್ನೆ ಇಟ್ಟು ಲೈಕ್‌ನಲ್ಲಿ ಹುಡುಕುತ್ತಿದ್ದರೆ, ಮೊದಲ ಅಕ್ಷರ ಯಾವುದೆಂದು ಗೊತ್ತಿಲ್ಲದೆ ಹೆಸರಿಗೆ ಹಾಕಿದ ಇಂಡೆಕ್ಸೂ ದಂಡವೇ. ನಿಮ್ಮ ಕ್ವೆರಿ, ಅದರ ಎಕ್ಸ್‌ಪ್ಲೇನ್, ಟೇಬಲ್ ರಚನೆ ತೋರಿಸುವ ಶೋ ಕ್ರಿಯೇಟ್ ಟೇಬಲ್ ಮೂರನ್ನೂ ಇಲ್ಲಿ ಹಾಕಿ ಮಾರಾಯ್ರೇ, ನೋಡುವ.